ಬೆಳ್ಳಿಯ ಊಟ

ಬೆಳ್ಳಿ ಮತ್ತೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡಿತು. ರೊಟ್ಟಿ ಬಡಿಯುತ್ತಿದ್ದ ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಬೆಕ್ಕನ್ನು ಎತ್ತಿಕೊಂಡಳು. ಕೈಗೆ ಬರೀ ಎಲುಬು ಹತ್ತಿದವು. ಅಂಗಳದಲ್ಲಿ ನಾಯಿ ಮೋತ್ಯಾ ತನ್ನ ಹಾಲು-ರೊಟ್ಟಿ ಮುಗಿಸಿ, ಬೆಳ್ಳಿ ಬಿಟ್ಟದ್ದನ್ನೂ ನೆಕ್ಕುತ್ತಿತ್ತು.

ಧಾರವಾಡ ಬಿಟ್ಟು ಪುಣೆಯ ಭಾಂಬುರ್ಡಾದ ಈ ಚಾಳಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡ ಗೂಳಪ್ಪ ಕಚೇರಿಗೆ ಹೋದರೆ ಅವಳ ಕನ್ನಡ ಕೇಳುವ ಜೀವಗಳು ಇವೆರಡೇ. ಇಬ್ಬರ ಹಣೆಗೂ ದಿನಾ ವಿಭೂತಿ ಹಚ್ಚುತ್ತಿದ್ದಳು. ಬೆಳ್ಳಿ ಮರಿಯಾಗಿದ್ದಾಗ ಇಲಿ ಹಿಡಿದರೆ ಬಾಯಿಂದ ಬಿಡಿಸಿ, ಬೈದು, ಆಮೇಲೆ ಮುದ್ದು ಮಾಡಿ ಹಾಲನ್ನ ತಿನ್ನಿಸಿ, ಕಡೆಗೂ ಆ ಅಭ್ಯಾಸ ಬಿಡಿಸಿದ್ದಳು. ಇಂಥ ಸಂಭಾವಿತ ಬೆಕ್ಕು ಚಾಳಿನಲ್ಲೇ ಇಲ್ಲವೆಂದು ಅವಳಿಗೆ ಹೆಮ್ಮೆ. ಇಲಿಗಳಿಗೂ ಅದರಲ್ಲಿ ತಕರಾರಿರಲಿಲ್ಲ.

ಸಂಜೆ ಗೂಳಪ್ಪ ಶಿವಪ್ಪನನ್ನು ಕರೆತಂದ. ಲಷ್ಕರದ ಕುದುರೆ ಡಾಕ್ಟರ ಕೈಕೆಳಗೆ ಇಪ್ಪತ್ತು ವರ್ಷ ದುಡಿದ ಮನುಷ್ಯ. ಬೆಳ್ಳಿಯ ಕಣ್ಣಿನ ಮುಂದೆ ಬೆರಳಾಡಿಸಿ ನೋಡಿದ.

"ಏನ್ ಹಾಕ್ತೀರಿ ಇದಕ್ಕ?"

"ನಾವು ಉಣ್ಣೂದನ್ನ. ಹಾಲು, ರೊಟ್ಟಿ, ತುಪ್ಪ. ಮೋತ್ಯಾಗೂ ಅದನ್ನ. ನಾ ಭೇದ ಮಾಡೂದಿಲ್ರಿ," ಎಂದಳು ಬಸವಣ್ಣೆವ್ವ.

"ಅದ ತಪ್ಪಾಗೇದ ನೋಡ್ರಿ, ಅವ್ವಾರ. ನಾಯಿ ಮನಶ್ಯಾರ ಜೋಡಿ ರೊಟ್ಟಿ ತಿಂದು ಬದುಕ್ತದ. ಬೆಕ್ಕಿಗೆ ಮಾಂಸರೆ ಬೇಕು, ಮೀನರೆ ಬೇಕು. ಹೋದ ಕಣ್ಣು ಬರೂದಿಲ್ಲ. ಉಳಿದಷ್ಟರೆ ಉಳೀಲಿ. ಹಿಂಗ ಬಿಟ್ರ ದೀಪಾವಳಿ ಕಾಣೂದಿಲ್ಲ ಇದು."

ಅಷ್ಟು ಪ್ರೀತಿಯಿಂದ ಉಣ್ಣಿಸಿ ಉಪವಾಸ ಕೆಡವಿದೆನಲ್ಲ ಎಂದುಕೊಳ್ಳುತ್ತ ಅವಳು ಬೆಳ್ಳಿಯ ಎಲುಬು ಸವರಿದಳು. ಲಿಂಗಪೂಜೆಯ ಮನೆಯೊಳಗೆ ಮೀನು ತರುವುದಂತೂ ಕನಸಿನ ಮಾತು.

"ಆ ಕಡೀ ಖೋಲಿ ಲೀಲಾಕ್ಷಿಬಾಯಿ ಮನ್ಯಾಗ ದಿನಾ ಮೀನ ಇರ್ತದ," ಎಂದು ಗೂಳಪ್ಪ ಮೆಲ್ಲಗೆ ಹೇಳಿದ. ಮಂಗಳೂರು ಕಡೆಯ ಆ ಮನೆಯಿಂದ ವಾಸನೆ ಬಂದಾಗಲೆಲ್ಲ ದಡಾರನೆ ಕಿಟಕಿ ಮುಚ್ಚುತ್ತಿದ್ದವಳು ಬಸವಣ್ಣೆವ್ವನೇ.

ಮರುದಿನ ಅವಳು ಬೆಕ್ಕನ್ನು ಎದೆಗೊತ್ತಿಕೊಂಡು, ಮೂಗಿಗೆ ಸೆರಗು ಹಿಡಿದು ಆ ಬಾಗಿಲಲ್ಲಿ ನಿಂತಳು.

"ಇದನ್ನ ನೀವ ಇಟ್ಕೊಳ್ರಿ. ನಮ್ಮನ್ಯಾಗ ಇದ್ರ ಸಾಯ್ತದ."

"ಅಯ್ಯೋ, ಎಂತದಮ್ಮ, ಇಷ್ಟು ಬಡವಾಗಿದೆ! ಕೊಡಿ ಇಲ್ಲಿ," ಎಂದು ಲೀಲಾಕ್ಷಿ ಕೈಚಾಚಿದಳು. ಕಿಟಕಿಯ ಹಳೆಯ ಮಾತು ಎತ್ತಲಿಲ್ಲ. ಬೇಯಿಸಿದ ಮೀನಿನ ಮುಳ್ಳು ಬಿಡಿಸಿ ಇಟ್ಟಾಗ ಬೆಳ್ಳಿ ಗುರ್ರೆನ್ನುತ್ತ ಬಾಯಿ ಹಾಕಿತು. ಅದನ್ನು ಸಾಕಿದ ನಾಲ್ಕು ವರ್ಷದಲ್ಲಿ ಬಸವಣ್ಣೆವ್ವ ಆ ದನಿ ಕೇಳಿರಲಿಲ್ಲ.

"ಉಪ್ಪು ಭಾಳ ಹಾಕಬ್ಯಾಡ್ರಿ ಮತ್ತ," ಎಂದಳು, ಮುಖ ಆಚೆ ತಿರುಗಿಸಿಕೊಂಡೇ.

ಮನೆಗೆ ಬಂದು ಅತ್ತಳು. ಮೋತ್ಯಾ ಬೆಳ್ಳಿಯ ಬಟ್ಟಲು ಮೂಸಿ ನೋಡಿ ಅವಳು ರೂಢಿಯಂತೆ ಹಾಕಿಟ್ಟಿದ್ದ ಪಾಲನ್ನು ಮುಟ್ಟದೆ ಬಿಟ್ಟಿತು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಬಸವಣ್ಣೆವ್ವ ಸ್ನಾನ ಮಾಡಿ, ಪತ್ರಿ ಹೂವು ಹಿಡಿದು ಪೂಜೆಗೆ ಕೂರುವವಳಿದ್ದಳು. ಬೆಳ್ಳಿ ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದು ಸೀದಾ ಅವಳ ತೊಡೆಯೇರಿತು. ಭಾರವಾಗಿತ್ತು. ಮೈಯೆಲ್ಲ ಮೀನಿನ ನಾತ.

"ಏ, ಮುಟ್ಟಬ್ಯಾಡ," ಎಂದಿತು ಅವಳ ಬಾಯಿ. ಬೆಳ್ಳಿ ಅವಳ ಅಂಗೈ ನೆಕ್ಕತೊಡಗಿತು.

ಒಳಗಿನಿಂದ ಗೂಳಪ್ಪ ಕೂಗಿದ, "ಪೂಜಿ ಆತೇನ?"

"ಇನ್ನೊಂದು ಹಂಡೆ ನೀರು ಕಾಯಾಕ ಇಡ್ರಿ," ಎಂದಳು ಬಸವಣ್ಣೆವ್ವ, ಕೈ ಹಿಂದಕ್ಕೆ ತೆಗೆಯದೆ.