ಮದ್ದು ಹೊಡೆಯದ ಸಾಲುಗಳು

ಗಿಡದ ಕಾಂಡದಲ್ಲಿ ಪಾಚಿ ಇರಲಿಲ್ಲ.

ನೀಲಾವತಿ ಕಾಫಿ ಗಿಡದ ಕೆಳಗಿನ ರೆಂಬೆಗೆ ಕಟ್ಟಿದ್ದ ಗುರುತಿನ ಬಟ್ಟೆಯನ್ನು ಬಿಚ್ಚಲು ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಳೆಗೆ ನೆನೆದ ಗಂಟು ಬಿಗಿದುಕೊಂಡಿತ್ತು. ಆಸರೆಗೆಂದು ಕಾಂಡವನ್ನು ಹಿಡಿದಾಗ ಅಂಗೈಗೆ ತೊಗಟೆ ಬೋಳಾಗಿ ತಾಗಿತು. ಅವಳು ಪಕ್ಕದ ಗಿಡ ನೋಡಿದಳು. ಅದೂ ಹಾಗೆಯೇ ಇತ್ತು. ಎದ್ದು ಸಾಲಿನ ಕೊನೆಯವರೆಗೆ ಕಾಂಡಗಳನ್ನು ಸವರುತ್ತ ನಡೆದಳು. ಕೊಟ್ಟಿಗೆಯ ಹಿಂದೆ ಯಾರ ಲೆಕ್ಕಕ್ಕೂ ಇಲ್ಲದೆ ಬೆಳೆದಿದ್ದ ಒಂದು ಹಳೆಯ ಕಾಫಿ ಗಿಡದ ಮೈಮೇಲೆ ಮಾತ್ರ ಪಾಚಿ ಕಂಬಳಿಯಂತೆ ಕವಿದಿತ್ತು.

ಬೋರ್ಡೋ ಮದ್ದು ಬಿದ್ದ ಗಿಡದಲ್ಲಿ ಪಾಚಿ ನಿಲ್ಲುವುದಿಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿ ಮಾಡುವ ಆ ಮದ್ದು ಎಲೆಯ ತುಕ್ಕು ರೋಗವನ್ನು ತಡೆಯುವುದರ ಜೊತೆಗೆ ಪಾಚಿಯನ್ನೂ ಕೊಲ್ಲುತ್ತದೆ. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನೀಲಾವತಿಗೂ ಗೊತ್ತಿತ್ತು. ಆದರೆ ದಸರೆಯ ರಜೆಯಲ್ಲಿ ಎಲೆ ಎಣಿಸಲು ಬಂದವಳು ಎಲೆಯನ್ನಷ್ಟೇ ನೋಡಿದ್ದಳು. ನೀಲಿ ಕಲೆಯೇನಾದರೂ ಇದ್ದಿದ್ದರೆ ಅದನ್ನು ಜೂನ್‌ನಿಂದ ಬಿಡದೆ ಸುರಿದ ಮಳೆ ತೊಳೆದುಬಿಟ್ಟಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ನೀಲಾವತಿ ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಪದವಿಗೆ ಒಂದು ಪ್ರಬಂಧ ಬರೆಯಬೇಕು, ಅದಕ್ಕೊಂದು ಪ್ರಯೋಗ ಮಾಡಬೇಕು. ಅವಳು ಹಿಡಿದ ಪ್ರಶ್ನೆ ಸರಳವಾಗಿತ್ತು: ದಟ್ಟ ನೆರಳಿರುವ ತೋಟದಲ್ಲಿ ತುಕ್ಕು ರೋಗ ತಾನಾಗಿಯೇ ಕಡಿಮೆ ಇರುತ್ತದೆಯೇ, ಸಣ್ಣ ಬೆಳೆಗಾರ ಮದ್ದಿಲ್ಲದೆ ಬದುಕಬಹುದೇ? ಭಾಗಮಂಡಲದ ಬಸ್ಸಿನ ದಾರಿಯಲ್ಲಿದ್ದ ಅಪ್ಪ ಪೂವಯ್ಯನ ತೋಟದಲ್ಲಿ ಕೆರೆಯ ಪಕ್ಕದ ತುಂಡನ್ನು ಅವಳು ಎರಡು ಭಾಗ ಮಾಡಿದಳು. ಒಂದಕ್ಕೆ ಮಳೆಗಾಲದ ಮುಂಚೆ ಎಂದಿನಂತೆ ಮದ್ದು. ಬಿಳಿ ಬಟ್ಟೆ ಕಟ್ಟಿದ ಇನ್ನೊಂದಕ್ಕೆ ಏನೂ ಇಲ್ಲ. ಎರಡನ್ನೂ ಹೋಲಿಸಿದರೆ ಉತ್ತರ ಸಿಗುತ್ತಿತ್ತು. ಅಪ್ಪನಿಗೆ ಎಲ್ಲ ವಿವರಿಸಿ, ಆತ ತಲೆಯಾಡಿಸಿದ್ದನ್ನು ಕಂಡು, ಪರೀಕ್ಷೆ ಬರೆಯಲು ಮೈಸೂರಿಗೆ ಹೋಗಿದ್ದಳು. ಮದ್ದು ಹೊಡೆಯುವ ದಿನ ಅವಳು ಊರಿನಲ್ಲಿರಲಿಲ್ಲ.

ಅಕ್ಟೋಬರ್‌ನಲ್ಲಿ ಎರಡೂ ಭಾಗಗಳ ಎಲೆಗಳು ಹೆಚ್ಚುಕಡಿಮೆ ಒಂದೇ ಹಸಿರಾಗಿದ್ದವು. ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಎರಡರಲ್ಲೂ ಅಪರೂಪ. ಅವಳ ಮಾರ್ಗದರ್ಶಕ ಗಜಾನನ ಭಟ್ಟರು ಭಾಗಮಂಡಲದ ಅರ್ಚಕರ ಮನೆತನದವರು. ಊರಿನ ಹುಡುಗಿಯ ಕೆಲಸ ಊರಿಗೇ ಉಪಕಾರವಾಯಿತೆಂದು ಅವರಿಗೆ ಹಿಗ್ಗು. ಮಡಿಕೇರಿಯಲ್ಲಿ ಡಿಸೆಂಬರಿನ ಬೆಳೆಗಾರರ ಸಭೆಯಲ್ಲಿ ಅವಳೇ ಅದನ್ನು ಓದಬೇಕೆಂದು ಗೊತ್ತು ಮಾಡಿದರು. ನೆರಳಿದ್ದರೆ ಮದ್ದು ಬೇಕಿಲ್ಲವೆಂಬ ಸಾರಾಂಶ ಆಗಲೇ ಸೈಕ್ಲೋಸ್ಟೈಲ್ ಪ್ರತಿಗಳಾಗಿ ಹಲವರ ಕೈ ಸೇರಿತ್ತು.

ಅವಳು ಬೋಳು ಕಾಂಡಗಳನ್ನು ಸವರಿ ನೋಡಿದ್ದು ಆ ಸಭೆಯ ಹಿಂದಿನ ದಿನ.

ಪೂವಯ್ಯ ಕಣದಲ್ಲಿ ಕಾಫಿ ಹರಡಿಸುತ್ತಿದ್ದ. ನೀಲಾವತಿ ಹೋಗಿ, ಬಿಳಿ ಬಟ್ಟೆಯ ಸಾಲುಗಳಿಗೆ ಮದ್ದು ಹೊಡೆಸಿದಿರಾ ಎಂದು ಕೇಳಿದಳು. ಅವನು ಮೊದಲು ಇಲ್ಲವೆಂದ. ಅವಳು ಪಾಚಿಯ ಮಾತೆತ್ತಿದಾಗ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ.

“ಪೂರಾ ಹೊಡ್ಸಿತ್ಲೆ. ಸಂಜೆಗೆ ಡ್ರಮ್ಮುಲಿ ಉಳ್ದದ್ದ್ ಮಾತ್ರ. ಮಾರ್ನೆ ದಿನಕ್ಕೆ ಅದ್ ಆಕಿಲೆ ಅಲ, ಚೆಲ್ಲಿಕೆ ಮನಸ್ ಬಾತ್ಲೆ. ನಿನ್ನ ಸಾಲ್ ಅಲ್ಲೇ ಪಕ್ಕಲಿ ಇತ್ತ್.”

ಅದು ನಿಜವೇ. ಕಲಸಿದ ಬೋರ್ಡೋ ರಾತ್ರಿ ಕಳೆದರೆ ಕೆಲಸಕ್ಕೆ ಬರುವುದಿಲ್ಲ. ಅದನ್ನು ಅಂದೇ ಮುಗಿಸುವುದು ಎಲ್ಲ ತೋಟದ ಪದ್ಧತಿ. ನೀರು ಕೆರೆಯದ್ದಾದ್ದರಿಂದ ಡ್ರಮ್ಮು ನಿಂತದ್ದೂ ಕೆರೆಯ ಪಕ್ಕದಲ್ಲಿ.

ಯಾವ ಗಿಡಗಳಿಗೆ ಬಿತ್ತು, ಯಾವುದಕ್ಕೆ ಇಲ್ಲ ಎಂದು ಅವಳು ಕೇಳಿದಳು. ಅಷ್ಟು ಗೊತ್ತಾದರೆ ಬಿಟ್ಟುಹೋದ ಗಿಡಗಳನ್ನಾದರೂ ಹಿಡಿದುಕೊಳ್ಳಬಹುದೆಂಬ ಆಸೆ. ಪೂವಯ್ಯ ಅಂದು ಪಂಪಿನ ಕೊಳವೆ ಹಿಡಿದಿದ್ದ ಆಳು ಚಿನ್ನನನ್ನು ಕರೆದ. ಚಿನ್ನ ಕೆರೆಯ ಕಡೆಯಿಂದ ಶುರು ಮಾಡಿದ್ದೆನೆಂದ. ಪೂವಯ್ಯ ಇಲ್ಲ, ಮೇಲಿನಿಂದ ಎಂದ. ಮಾತಿಗೆ ಮಾತು ಬೆಳೆದು, ಎಷ್ಟು ಸಂಜೆ ಹೀಗೆ ಹೊಡೆದರೆಂಬುದೂ ಇಬ್ಬರಿಗೂ ನೆನಪಿಲ್ಲವೆಂದು ತಿಳಿಯಿತು. ನೀಲಾವತಿ ಕೇಳುವುದನ್ನು ನಿಲ್ಲಿಸಿದಳು.

“ಎಲೆ ಚಂದ ಇದ್ದರೆ ನಿಂಗೇ ಒಳ್ಳೇದ್ ಹೇಳಿ ನಾ ಎಣ್ಸಿದೆ,” ಎಂದ ಪೂವಯ್ಯ. “ನಿನ್ನ ಸಾಲ್ ಬೋಳಾದರೆ ನೀ ಫೇಲ್ ಆದೆ ಹೇಳಿ ಜನ ಹೇಳಿಕಿಲೆನಾ?”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ಆ ಸಂಜೆಯೇ ದೇರಪ್ಪ ದೊಡ್ಡಪ್ಪ ಬಂದ. ಅವನದು ಪಕ್ಕದ ಸಣ್ಣ ತೋಟ, ಬಾಯಿ ದೊಡ್ಡದು. ಅವ್ವ ಹೊನ್ನಮ್ಮ ಕಾಫಿ ಕೊಡುವಷ್ಟರಲ್ಲಿ ಅವನು ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದ.

“ನಮ್ಮ ಗೂಡೆ ನೀಲಾವತಿಯೇ ಬರೆದ ಮೇಲೆ ಇನ್ನೆಂತಕೆ ಮೈಲುತುತ್ತ? ಬರೊ ವರ್ಷಕ್ಕೆ ನಂಗೆ ಬೊಡ ಹೇಳಿ ಬಿಟ್ಟೆ. ನನ್ನ ಮನೆಯವ್ಕೆ ಈಗ್ಲೇ ಸಂತೋಷ. ನೀಲಿ ಬಟ್ಟೆ ಒಗಿಯೊ ಕೆಲ್ಸ ತಪ್ಪಿತ್ ಅಲ.”

ಹೊನ್ನಮ್ಮ ನಕ್ಕಳು. ಪೂವಯ್ಯ ಲೋಟದೊಳಗೆ ನೋಡುತ್ತ ಕುಳಿತ. ದೇರಪ್ಪನ ತೋಟದಲ್ಲಿ ಹೇಳಿಕೊಳ್ಳುವಂಥ ನೆರಳೂ ಇಲ್ಲವೆಂಬುದು ನೀಲಾವತಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಅವನು ಮದ್ದು ತಪ್ಪಿಸಿದರೆ ಮುಂದಿನ ಡಿಸೆಂಬರಿನಲ್ಲಿ ಅವನ ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿಯುತ್ತದೆ. ಆ ಸಾರಾಂಶವನ್ನು ಇನ್ನೂ ಎಷ್ಟು ದೇರಪ್ಪಂದಿರು ಓದಿರಬಹುದು?

ಅವನು ಹೋದ ಮೇಲೆ ಪೂವಯ್ಯ ಮಗಳ ಮುಖ ನೋಡದೆ ಒಂದೇ ಮಾತು ಹೇಳಿದ. ಭಟ್ಟರು ಮನೆಗೆ ಬಂದು ಕೈಹಿಡಿದು ಕೇಳಿದ್ದಕ್ಕೆ ಆ ಸಾಲುಗಳಿಗೆ ಮದ್ದು ಹೊಡೆಸುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಅವರ ಎದುರು ಆ ಮಾತು ಹೋಗದಿದ್ದರೆ ಸಾಕಿತ್ತು.

ಬೆಳಿಗ್ಗೆ ಮಡಿಕೇರಿಯಲ್ಲಿ ಸಭೆಗೆ ಮುಂಚೆಯೇ ಅವಳು ಭಟ್ಟರನ್ನು ಕಂಡು ಇದ್ದದ್ದನ್ನು ಹೇಳಿದಳು. ಅವರು ಕೋಪಿಸಿಕೊಳ್ಳಲಿಲ್ಲ. ಬೇರೆ ಯಾರಿಗೆ ಗೊತ್ತು ಎಂದು ಕೇಳಿದರು. ಸಭೆಗೆ ದೂರದಿಂದ ಜನ ಬಂದಿರುವುದನ್ನು ನೆನಪಿಸಿದರು. ಪ್ರಬಂಧ ಮಾರ್ಚಿನಲ್ಲಿ ಸಲ್ಲಿಕೆಯಾಗದಿದ್ದರೆ ಅವಳ ವರ್ಷ ಹೋಗುತ್ತದೆ, ಇನ್ನೊಂದು ವರ್ಷ ಸೀಟು ಸಿಗುವುದು ತಮ್ಮ ಕೈಯಲ್ಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

“ನೋಡಮ್ಮ, ‘ಈ ತೋಟದ ಪರಿಸ್ಥಿತಿಯಲ್ಲಿ’ ಅಂತ ಒಂದು ಮಾತು ಸೇರಿಸಿಬಿಡು. ಅದು ಸುಳ್ಳಲ್ಲ. ನಿನ್ನ ತಂದೆಯ ಮಾನವೂ ಉಳಿಯುತ್ತದೆ.”

ಅದು ಸುಳ್ಳಲ್ಲ ಎಂಬುದೇ ಅವಳನ್ನು ಹೆದರಿಸಿತು. ಆ ಒಂದು ಮಾತು ಸೇರಿಸಿದರೆ ಕಾಗದದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗದು. ದೇರಪ್ಪನಂಥವರು ಆ ಮಾತನ್ನು ಓದುವುದೂ ಇಲ್ಲ.

ಸಭಾಂಗಣದಲ್ಲಿ ಮುಂದೆ ಅಮ್ಮತ್ತಿಯ ಕಡೆಯ ದೊಡ್ಡ ಎಸ್ಟೇಟಿನವರು ಕೋಟು ತೊಟ್ಟು ಕುಳಿತಿದ್ದರು. ಹಿಂದೆ ಕಿಟಕಿಯ ಪಕ್ಕ ಪೂವಯ್ಯ, ದೇರಪ್ಪ. ಭಟ್ಟರು ಅವಳನ್ನು ಹೊಗಳಿ ಪರಿಚಯಿಸಿದರು. ನೀಲಾವತಿ ಬರೆದು ತಂದ ಹಾಳೆಗಳನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

“ಮದ್ದು ಬೀಳಲಿಲ್ಲ ಎಂದು ನಾನು ಬರೆದ ಸಾಲುಗಳಿಗೆ ಮದ್ದು ಬಿದ್ದಿದೆ. ಅದು ನನಗೆ ತಿಳಿದದ್ದು ನಿನ್ನೆ. ಹಾಗಾಗಿ ಹೋಲಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಿಮ್ಮ ಕೈಯಲ್ಲಿರುವ ಕಾಗದವನ್ನು ನಂಬಿ ಯಾರೂ ಮದ್ದು ನಿಲ್ಲಿಸಬೇಡಿ.”

ಮುಂದಿನ ಸಾಲಿನವರೊಬ್ಬರು, ಹಾಗಾದರೆ ಹೊಡೆದವರು ಯಾರು ಎಂದು ಕೇಳಿದರು. ಅವಳು ಕಿಟಕಿಯ ಕಡೆ ನೋಡದಿರಲು ಪ್ರಯತ್ನಪಟ್ಟಳು. ಪ್ರಯೋಗ ತನ್ನದು, ಕಾಯಬೇಕಾದವಳು ತಾನು, ಕಾಯಲಿಲ್ಲ ಎಂದಳು. ಕೇಳಿದವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಯಾರ ತೋಟವೆಂಬುದು ಸಾರಾಂಶದ ಮೊದಲ ಸಾಲಿನಲ್ಲೇ ಇತ್ತು. ಒಂದಿಬ್ಬರು ಹಿಂದೆ ತಿರುಗಿ ನೋಡಿದರು.

ಆಗ ದೇರಪ್ಪ ಎದ್ದು ನಿಂತ. “ಹಂಗಾರೆ ನಾ ಮೈಲುತುತ್ತ ತಕಣೊಕಾ, ಬೊಡನಾ? ಅದ್ ಒಂದ್ ಹೇಳ್ ಗೂಡೆ.”

ಸಭೆಯೆಲ್ಲ ನಕ್ಕಿತು.

“ತಕಣಿ ದೊಡ್ಡಪ್ಪ,” ಎಂದಳು ನೀಲಾವತಿ.

ಭಟ್ಟರು ಮುಂದಿನ ವಿಷಯಕ್ಕೆ ಹೋದರು. ಸಭೆ ಮುಗಿದ ಮೇಲೆ ಅವಳ ಜೊತೆ ಮಾತಾಡಲು ಅವರಿಗೆ ಬಿಡುವಾಗಲಿಲ್ಲ. ಭಾಗಮಂಡಲದ ಬಸ್ಸಿನಲ್ಲಿ ಪೂವಯ್ಯ ಮಗಳ ಪಕ್ಕದಲ್ಲಿ ಜಾಗವಿದ್ದರೂ ಹಿಂದೆ ಹೋಗಿ ದೇರಪ್ಪನ ಹತ್ತಿರ ಕುಳಿತ. ದಾರಿಯುದ್ದಕ್ಕೂ ದೇರಪ್ಪನ ದನಿ ಮಾತ್ರ ಕೇಳುತ್ತಿತ್ತು.

ಪ್ರಬಂಧ ಆ ವರ್ಷ ಸಲ್ಲಿಕೆಯಾಗಲಿಲ್ಲ. ಮತ್ತೆ ಸೇರಿಸಿಕೊಳ್ಳುವಂತೆ ಅವಳು ಕಾಲೇಜಿಗೆ ಬರೆದಳು, ಉತ್ತರ ಬರಲಿಲ್ಲ. ಮನೆಯಲ್ಲಿ ಪೂವಯ್ಯ ಬೇಕಾದಷ್ಟೇ ಮಾತಾಡುತ್ತಿದ್ದ, ಅದೂ ಹೊನ್ನಮ್ಮನ ಮೂಲಕ.

ಏಪ್ರಿಲ್ ಕೊನೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ನೀಲಾವತಿ ಬಿಳಿ ಬಟ್ಟೆಯನ್ನು ಹರಿದು ಪಟ್ಟಿ ಮಾಡುತ್ತ ಜಗುಲಿಯಲ್ಲಿ ಕುಳಿತಿದ್ದಳು. ಪ್ರಯೋಗ ಮತ್ತೆ ಮಾಡುವುದಾದರೆ ಈಗಲೇ ಮಾಡಬೇಕಿತ್ತು. ಕಾಲೇಜು ಅದನ್ನು ಒಪ್ಪುತ್ತದೆಯೇ ಎಂಬುದು ತಿಳಿಯದೆಯೇ ಮಾಡಬೇಕಿತ್ತು. ಪೂವಯ್ಯ ಒಳಗಿನಿಂದ ಬಂದವನು ನಿಂತ.

“ಕೆರೆಯ ಹತ್ತಿರ ಬೊಡ,” ಎಂದ. “ರೋಡಿನ ಬದಿದ್ ತಕ. ಅಲ್ಲಿಗೆ ಡ್ರಮ್ಮ್ ಮುಟ್ಟಿಕಿಲೆ.”

ರಸ್ತೆಯ ಬದಿಯ ಸಾಲುಗಳು ತೋಟದಲ್ಲೇ ಚೆಂದದವು. ಅಲ್ಲಿ ಎಲೆ ಉದುರಿದರೆ ಬಸ್ಸಿನಲ್ಲಿ ಹೋಗುವ ಊರಿನವರಿಗೆಲ್ಲ ಕಾಣುತ್ತದೆ. ಅವಳು ಅದನ್ನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನು ಅಂಗಳ ದಾಟಿದ್ದ.

ಮದ್ದು ಹೊಡೆದ ದಿನ ಅವಳು ಬೆಳಿಗ್ಗೆಯಿಂದ ತೋಟ ಬಿಟ್ಟು ಕದಲಲಿಲ್ಲ. ಸಂಜೆ ಬೆಟ್ಟದ ಮೇಲೆ ಮೋಡ ಕಟ್ಟಿತು. ಡ್ರಮ್ಮಿನ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಚಿನ್ನ ಕೊಳವೆಯನ್ನು ಹೆಗಲಿಗೇರಿಸಿ, ರೂಢಿಯಂತೆ, ಇನ್ನು ಯಾವ ಕಡೆ ಎಂದು ನೋಡಿದ. ಪೂವಯ್ಯ ಅವನಿಗೆ ಸರಿಯಲು ಕೈಮಾಡಿ, ತಾನೇ ಡ್ರಮ್ಮನ್ನು ಪಕ್ಕದ ಗುಂಡಿಯ ಕಡೆಗೆ ವಾಲಿಸಿದ. ನೀಲಿ ನೀರು ಕೆಂಪು ಮಣ್ಣಿನ ಮೇಲೆ ಹರಡಿ ನಿಧಾನವಾಗಿ ಇಂಗತೊಡಗಿತು. ಅದು ಪೂರಾ ಇಂಗುವವರೆಗೆ ಅವನು ಅಲ್ಲೇ ನಿಂತಿದ್ದ. ಮಗಳು ನೋಡುತ್ತಿದ್ದಾಳೆಂದು ಗೊತ್ತಿದ್ದರೂ ತಿರುಗಲಿಲ್ಲ.