ಗುಡ್ಡಕ್ಕೆ ಬೆಂಕಿ ಬಿದ್ದ ಮಧ್ಯಾಹ್ನ

ಮಲಾಡ್ ಪೂರ್ವದಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಹದಿನಾಲ್ಕನೆಯ ಸ್ಲ್ಯಾಬಿನ ಮೇಲೆ ಕುಳಿತು ಮಹಾದೇವಿ ಆಗಷ್ಟೇ ಬುತ್ತಿ ಬಿಚ್ಚಿದ್ದಳು. ಎದುರಿನ ಗುಡ್ಡದ ನೆತ್ತಿಯಲ್ಲಿ ಹೊಗೆ ಕಾಣಿಸಿತು. ಮಾರ್ಚ್ ಬಂತೆಂದರೆ ಅಲ್ಲಿ ಹುಲ್ಲಿಗೆ ಬೆಂಕಿ ಬೀಳುವುದು ಹೊಸದೇನಲ್ಲ. ಜೊತೆಯವರು ಫೋನು ತೆಗೆದು ವಿಡಿಯೋ ಮಾಡತೊಡಗಿದರು. ಆದರೆ ಅಂದು ಗಾಳಿ ಕೆಳಮುಖವಾಗಿತ್ತು. ನೋಡನೋಡುತ್ತಲೇ ಕೆಂಪು ಗೆರೆಯೊಂದು ಒಣಹುಲ್ಲನ್ನು ನೆಕ್ಕುತ್ತ ಹಳೆಯ ಕಲ್ಲುಗಣಿಯ ಕಡೆಗೆ ಇಳಿಯಿತು. ಮಹಾದೇವಿ ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಅಂದು ಸೋಮವಾರ. ಚನ್ನವ್ವ ಕಟ್ಟಿಗೆಗೆ ಹೋಗುವ ದಿನ. ಹೋಗುವುದೂ ಆ ಗಣಿಯ ಕಡೆಗೇ.

ಚನ್ನವ್ವ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ವಿಜಯಪುರದಿಂದ ಒಂದೇ ಬಸ್ಸಿನಲ್ಲಿ ಬಂದು, ಗುಡ್ಡದ ಬುಡದಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಖೋಲಿಗಳಲ್ಲಿ ಹದಿನೆಂಟು ವರ್ಷ ಬಾಳಿದವರು. ದೀಪಾವಳಿಯಿಂದೀಚೆಗೆ ಮಾತು ಬಿಟ್ಟಿದ್ದರು. ಮಹಾದೇವಿಯ ಮಗಳು ಶೀತಲ್‌ಳನ್ನು ನೋಡಲು ಬಂದವರ ಎದುರು, ಹುಡುಗಿಗೆ ಸಣ್ಣವಳಿದ್ದಾಗ ಮೂರ್ಛೆ ಬರುತ್ತಿತ್ತೆಂಬ ಮಾತನ್ನು ಚನ್ನವ್ವ ಆಡಿಬಿಟ್ಟಿದ್ದಳು. ಆರನೆಯ ವರ್ಷಕ್ಕೇ ನಿಂತ ಬೇನೆ. ಆದರೂ ಗಂಡಿನವರು ಎದ್ದುಹೋದರು. ಅಂದೇ ಮಹಾದೇವಿ ನೆಗೆಣ್ಣಿಯ ನಂಬರನ್ನು ಫೋನಿನಿಂದ ಅಳಿಸಿಹಾಕಿದ್ದಳು.

ಈಗ ಮಗಳಿಗೆ ಫೋನು ಹಚ್ಚಿ ಆ ನಂಬರು ಕೇಳಿದಳು.

"ಕಾಕು ಫೋನ್ ಇಲ್ಲೇ ಬಿಟ್ಟು ಹೋಗ್ಯಾಳವ್ವ," ಎಂದಳು ಶೀತಲ್. "ನಾ ಕಾಕೂನ ಖೋಲ್ಯಾಗ ಅದೀನಿ."

ಇಷ್ಟು ದಿನವೂ ಮಗಳು ತನಗೆ ಹೇಳದೆ ಅಲ್ಲಿಗೆ ಹೋಗಿಬರುತ್ತಿದ್ದಳೆಂಬುದು ಹೊಳೆದರೂ ಸಿಟ್ಟಾಗಲು ಹೊತ್ತಿರಲಿಲ್ಲ. ಆಳುಗಳ ಮೇಲ್ವಿಚಾರಣೆಯ ಮುಕಾದಮ್ ಗದಿಗೆಪ್ಪನಿಗೆ ಒಂದು ಮಾತು ತಿಳಿಸಿ, ಅವನು ಹೂಂ ಅನ್ನುವ ಮೊದಲೇ ಮೆಟ್ಟಿಲು ಇಳಿದಳು.

ಗುಡ್ಡದ ಬುಡದಲ್ಲಿ ಅರಣ್ಯದವರು ಹಸಿ ಟೊಂಗೆಗಳಿಂದ ಬೆಂಕಿ ಬಡಿಯುತ್ತಿದ್ದರು. ಒಬ್ಬ ಗಾರ್ಡು ಅವಳನ್ನು ತಡೆದ. ಮೇಲೆ ಹೆಣ್ಣುಮಗಳೊಬ್ಬಳು ಸಿಕ್ಕಿಕೊಂಡಿದ್ದಾಳೆ, ಒಣಗಿದ ಹಳ್ಳದೊಳಗಿನ ದಾರಿ ತನಗೆ ಗೊತ್ತು ಎಂದು ತನ್ನ ಹರಕುಮುರುಕು ಮರಾಠಿಯಲ್ಲಿ ತಿಳಿಸಿದಳು. ಅವನು ಮೇಲೊಮ್ಮೆ ನೋಡಿ, ಇಬ್ಬರು ಆಳುಗಳೊಂದಿಗೆ ತಾನೂ ಹೊರಟ.

ಹಳ್ಳದಲ್ಲಿ ಬರೀ ಕಲ್ಲು. ಬೆಂಕಿಗೆ ಹಿಡಿಯಲು ಏನೂ ಇರಲಿಲ್ಲ. ಹೊಗೆ ಮಾತ್ರ ಉಸಿರು ಕಟ್ಟಿಸುತ್ತಿತ್ತು. ಗಾರ್ಡು ಕೊಟ್ಟ ನೀರಿನಲ್ಲಿ ತೋಯಿಸಿದ ಸೆರಗನ್ನು ಮೂಗಿಗೆ ಒತ್ತಿಕೊಂಡು ಗಣಿ ಮುಟ್ಟಿದಾಗ ಚನ್ನವ್ವ ಬೋಳುಬಂಡೆಯ ಮೇಲೆ ಮುದುಡಿ ಕುಳಿತು ಕೆಮ್ಮುತ್ತಿದ್ದಳು. ಒಂದು ಹಿಮ್ಮಡಿ ಸುಟ್ಟಿತ್ತು.

"ನೀ ಯಾಕ ಬಂದಿ?" ಎಂದಳು.

"ಈ ದಾರಿ ನಿನಗೊಬ್ಬಾಕಿಗೇ ಗೊತ್ತೇನ? ಏಳು."

ಅವಳ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಮಹಾದೇವಿ ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ಚನ್ನವ್ವ ಮೆಲ್ಲಗೆ, "ಶೀತಲ್ ಬ್ಯಾನಿ ಮಾತು ನೀ ಮೊದಲ ಗಂಡಿನವರಿಗೆ ಹೇಳೀದಿ ಅಂತ ತಿಳದಿದ್ದೆ, ಅಕ್ಕ," ಎಂದಳು.

ಮಹಾದೇವಿ ಅವಳ ತೋಳನ್ನು ಬಿಗಿಯಾಗಿ ಹಿಡಿದು ದೊಡ್ಡ ಕಲ್ಲೊಂದನ್ನು ದಾಟಿಸಿದಳು.

"ಹೇಳಬೇಕಾದಾಕಿ ನಾನ. ಅಂಜಿ ಮುಚ್ಚಿಟ್ಟೆ. ಸಿಟ್ಟು ನಿನ್ನ ಮ್ಯಾಲ ತೀರಿಸ್ಕೊಂಡೆ."

ಕೆಳಗೆ ಶೀತಲ್ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಇಬ್ಬರ ಮುಖವನ್ನೂ ನೋಡಿ, ಯಾರಿಗೆ ಮೊದಲು ಕೊಡಬೇಕೆಂದು ತಿಳಿಯದೆ ಗಲಿಬಿಲಿಗೊಂಡಳು. "ಅಕೀಗೆ ಕೊಡು," ಎಂದಳು ತಾಯಿ. ಗಾರ್ಡು ಮಾತ್ರ ಇಬ್ಬರನ್ನೂ ಗದರಿಸಿ, ಇನ್ನು ಕಟ್ಟಿಗೆಗೆ ಬಂದರೆ ದಂಡ ಹಾಕುವೆನೆಂದು ಹೆದರಿಸಿ ಕಳುಹಿಸಿದ.

ಏಪ್ರಿಲ್‌ನಲ್ಲಿ ಧಾರಾವಿಯಿಂದ ಇನ್ನೊಂದು ಗಂಡಿನ ಕಡೆಯವರು ಬಂದರು. ಚಹಾ ಕೊಡುವ ಮೊದಲೇ ಮಹಾದೇವಿ ಮಗಳ ಹಳೆಯ ಬೇನೆಯನ್ನು ತಾನೇ ಎತ್ತಿ ಹೇಳಿದಳು. ಪಕ್ಕದಲ್ಲಿದ್ದ ಚನ್ನವ್ವ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಹುಡುಗನ ತಾಯಿ ಎರಡು ಪ್ರಶ್ನೆ ಕೇಳಿದಳು, ಶೀತಲ್ ಎರಡಕ್ಕೂ ತಾನೇ ಉತ್ತರ ಕೊಟ್ಟಳು. ಮನೆಯಲ್ಲಿ ವಿಚಾರಿಸಿ ತಿಳಿಸುತ್ತೇವೆಂದು ಅವರು ಚಹಾ ಕುಡಿದು ಹೋದರು.