ಒಂದೂವರೆ ಸುತ್ತು

ಶನಿವಾರ ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದು, ಉದ್ದನೆಯ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, "ನಿನ್ನ ಮಗು ಹಟ ಮಾಡ್ತಿದೆ ಕಣೋ," ಎಂದಳು.

ನಾನು ಬಂದೂಕು ರಿಪೇರಿ ಮಾಡುವವನು. ಪೆಟ್ಟಿಗೆಯಲ್ಲಿದ್ದ ರೈಫಲನ್ನು ಅಕ್ಕನಿಗೆಂದೇ ಅಳತೆ ತೆಗೆದು ಮಾಡಿಕೊಟ್ಟವನೂ ನಾನೇ. ಅವಳ ಕೆನ್ನೆ ಒರಗುವ ಕಡೆ ಮರವನ್ನು ಒಂದು ವಾರ ಉಜ್ಜಿದ್ದೇನೆ. ಅವಳ ಬೆರಳಿಗೆ ಒಪ್ಪುವ ಹಾಗೆ ಟ್ರಿಗರ್ ಕೂರಿಸಲು ಮೂರು ಸಲ ಬಿಚ್ಚಿ ಕಟ್ಟಿದ್ದೇನೆ. ಅಂಥದ್ದರ ಮೇಲೆ ದೂರು ತಂದರೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ?

"ಏನಂತೆ ಹಟ?"

"ಹತ್ತು ಸಲ ಒತ್ತಿದ್ರೆ ಎರಡು ಸಲ ಬರೀ ಟಿಕ್ ಅನ್ನುತ್ತೆ. ಗುಂಡು ಹಾರಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಮಾಡ್ದೋನು ನೀನೇ ಅಲ್ವೇನೋ? ಮೊದ್ಲು ನೋಡು, ಆಮೇಲೆ ಗಾದೆ ಹೇಳು."

ಅವಳು ನಗುತ್ತಲೇ ಹೇಳಿದಳು, ಆದರೆ ಕೂರಲಿಲ್ಲ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕ್ಲಬ್ಬಿನ ತಂಡದ ಆಯ್ಕೆ. ಐವತ್ತು ನಿಮಿಷದಲ್ಲಿ ನಲವತ್ತು ಗುಂಡು, ತಂಡದಲ್ಲಿ ಐದೇ ಜಾಗ. ಅಕ್ಕನಿಗೆ ಐವತ್ತೊಂಬತ್ತು. ಹದಿನೆಂಟು ವರ್ಷದಿಂದ ಆ ತಂಡದಲ್ಲಿದ್ದಾಳೆ, ಕಳೆದ ಸಲ ಉಳಿದುಕೊಂಡದ್ದು ಕೊನೆಯ ಜಾಗದಲ್ಲಿ. ಈ ವಯಸ್ಸಿನಲ್ಲಿ ಒಮ್ಮೆ ಹೊರಗೆ ಬಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ. ಗುಂಡು ಹಾರದಿದ್ದಾಗ, ಅದು ತಡವಾಗಿ ಹಾರಿಬಿಟ್ಟೀತೆಂದು ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಹತ್ತಕ್ಕೆ ಎರಡು ಸಲ ಹಾಗೆ ಕಾಯುತ್ತ ಕೂತರೆ ಹೊತ್ತೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ.

ರೈಫಲ್ ಖಾಲಿಯಿದೆಯೆಂದು ಎರಡು ಸಲ ನೋಡಿ ಕೆಲಸಕ್ಕೆ ಕೂತೆ. ಹಾರದೇ ಉಳಿದ ತೋಟಾಗಳನ್ನು ಅಕ್ಕ ಪುಟ್ಟ ಡಬ್ಬಿಯಲ್ಲಿ ತಂದಿದ್ದಳು. ಭೂತಗನ್ನಡಿಯಲ್ಲಿ ನೋಡಿದರೆ, ತಳದಲ್ಲಿ ತೋಟಾ ಸಿಡಿಸುವ ಪಿನ್ ಬಡಿದ ಗುರುತು ಇತ್ತು, ಆದರೆ ಉಗುರಿನಲ್ಲಿ ಒತ್ತಿದಷ್ಟು ಮೇಲುಮೇಲಿಗೆ. ತೋಟಾ ಮಾಡಿದವರನ್ನು ಬೈದು, ಬೀರುವಿನಿಂದ ಬೇರೆ ಕಂಪನಿಯ ಡಬ್ಬಿ ತೆಗೆದೆ. ಅಂಗಡಿಯ ಹಿಂದೆ ಪರೀಕ್ಷೆಗೆಂದೇ ಇಟ್ಟ ಮರಳಿನ ಕೊಳವೆಗೆ ಹನ್ನೆರಡು ಹೊಡೆದೆ. ಎರಡು ಟಿಕ್ ಅಂದವು. ತೋಟಾದವರ ಕ್ಷಮೆ ಕೇಳಲಿಲ್ಲ, ಅದು ನನ್ನ ಅಭ್ಯಾಸವಲ್ಲ.

ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟನ್ನು ಹೊರಗೆಳೆದು ಬಿಚ್ಚಿದೆ. ಒಳಗೆ ಗ್ರೀಸ್ ಗಟ್ಟಿಯಾಗಿದ್ದರೂ ಪಿನ್ನಿನ ಓಟ ನಿಧಾನವಾಗುತ್ತದೆ. ಗ್ರೀಸ್ ಇರಲಿಲ್ಲ, ಒಳಗೆಲ್ಲ ಕನ್ನಡಿಯಂತಿತ್ತು. ಪಿನ್ನಿನ ಮೂತಿ ಸವೆದಿರಲಿಲ್ಲ. ಕೊನೆಗೆ ಅದನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗನ್ನು, ಅದೇ ಜಾತಿಯ ಹೊಸದೊಂದರ ಪಕ್ಕ ನಿಲ್ಲಿಸಿದೆ. ಅಕ್ಕನದು ಕುಳ್ಳಗಿತ್ತು. ಸುತ್ತುಗಳನ್ನು ಎಣಿಸಿದೆ. ಒಂದೂವರೆ ಕಡಿಮೆ.

"ಯಾರೋ ಕತ್ತರಿಸಿದ್ದಾರೆ," ಎಂದೆ.

"ಏನಂದೆ? ಯಾರೋ ಅದು?"

ನಾನು ಸ್ಪ್ರಿಂಗನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಕತ್ತರಿಸಿದ ತುದಿಯನ್ನು ಬಾಗಿಸಿ, ಮಟ್ಟ ಮಾಡಿ, ಸಣ್ಣ ಅರದಿಂದ ಉಜ್ಜಿ, ಮೇಲೆ ಹೊಳಪು ಬೇರೆ ಕೊಟ್ಟಿದ್ದರು. ಅಷ್ಟು ಸಹನೆ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ನಮ್ಮ ವಂಶಕ್ಕೆ ಮದುವೆಯಾಗಿ ಬಂದ ಒಬ್ಬರಿಗೆ ಮಾತ್ರ ಇದೆ. ಭಾವ ಮೂರು ಬೀದಿಯಾಚೆ ಗಡಿಯಾರ ರಿಪೇರಿ ಮಾಡುತ್ತಾರೆ.

ಅವರೇ ಅಕ್ಕನನ್ನು ಕರೆದೊಯ್ಯಲು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಬನ್ನಿ ಭಾವ," ಎಂದೆ, ಸ್ಪ್ರಿಂಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು. "ಯಾವನೋ ಮುಠ್ಠಾಳ ಅಕ್ಕನ ರೈಫಲ್ ಒಳಗೆ ಕೈ ಹಾಕಿದ್ದಾನೆ."

"ಮುಠ್ಠಾಳ ಯಾಕಪ್ಪಾ? ತುದಿ ನೀಟಾಗಿದೆಯಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

"ರೀ! ನೀವಾ?"

"ಒಂದೂವರೆ ಸುತ್ತು ಅಷ್ಟೇ ಕಣೆ," ಎಂದರು ಭಾವ, ಕನ್ನಡಕ ತೆಗೆದು ಒರೆಸುತ್ತ. "ತೀರಾ ಬಿಗಿಯಾಗಿತ್ತು. ಅಲಾರಂ ಸ್ಪ್ರಿಂಗ್ ಬಿಗಿಯಾದ್ರೂ ನಾನು ಸ್ವಲ್ಪ ಮೆತ್ತಗೆ ಮಾಡ್ತೀನಿ. ಗಂಟೆ ಆಮೇಲೂ ಹೊಡೆಯುತ್ತೆ."

"ಗಂಟೆ ಮೆತ್ತಗೆ ಹೊಡೆದ್ರೂ ಕೇಳುತ್ತೆ ಭಾವ!" ನಾನು ಕೂಗಾಡಿದೆ. "ಪಿನ್ ಮೆತ್ತಗೆ ಹೊಡೆದ್ರೆ ಗುಂಡು ಹಾರಲ್ಲ! ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಕೆ ಎತ್ತಬೇಕಲ್ಲ, ಆಗ ಈ ಸ್ಪ್ರಿಂಗ್ ಬಿಗಿಯಾಗುತ್ತೆ. ಆ ಬಿಗಿಯಲ್ಲೇ ಪಿನ್ ಓಡಬೇಕು. ಕೈಗೆ ಹಗುರ ಮಾಡಿದಷ್ಟೂ ಪೆಟ್ಟು ಕಮ್ಮಿ. ನಾಳೆ ಇವಳು ಅಲ್ಲಿ ಮಲಗಿ ಟಿಕ್ ಟಿಕ್ ಅನ್ನಿಸ್ತಿದ್ರೆ ಟೈಮ್ ಎಷ್ಟು ಅಂತ ಕೇಳ್ಕೊಂಡು ಜನ ಬರ್ತಿದ್ರು!"

ಭಾವನ ಮುಖ ಬಿಳಿಚಿಕೊಂಡಿತು. ಗುಂಡು ಹಾರುತ್ತಿಲ್ಲವೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಚಿಂತೆಯಾಗುತ್ತದೆಂದು ಅಕ್ಕ ಹೇಳಿರಲಿಲ್ಲ.

"ಯಾಕ್ರೀ ಕತ್ತರಿಸಿದ್ರಿ? ಬಿಗಿಯಾಗಿದೆ ಅಂತ ನಾನು ಹೇಳಿದ್ನಾ?"

"ನೀನೆಲ್ಲಿ ಹೇಳ್ತೀಯ? ದಿನಾ ಸಂಜೆ ಗುಂಡಿಲ್ದೆ ಅಭ್ಯಾಸ ಮಾಡ್ತೀಯಲ್ಲ, ಪಕ್ಕದ ರೂಮಲ್ಲಿ ಕೂತು ಕೇಳ್ತಿರ್ತೀನಿ. ಹಿಡಿಕೆ ಎತ್ತೋ ಹೊತ್ತಿಗೆ ಸರಿಯಾಗಿ ನಿನ್ನ ಉಸಿರು ನಿಲ್ಲುತ್ತೆ. ಆರು ತಿಂಗಳಾಯ್ತು."

ಅಕ್ಕ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. ಆಗ ನಾನು ಎದ್ದುಹೋಗಿ ಆ ಕೈಯನ್ನು ಎಳೆದು ನೋಡಿದೆ. ಹೆಬ್ಬೆರಳಿನ ಬುಡ ಊದಿಕೊಂಡು ನುಣ್ಣಗಾಗಿತ್ತು. ಅವಳ ಮೈಯಳತೆ ಇಂಚಿಂಚು ಬರೆದಿಟ್ಟುಕೊಂಡವನು ನಾನು. ನನಗೆ ಇದು ಕಂಡಿರಲಿಲ್ಲ. ನಾಚಿಕೆಯಾಯಿತು.

"ನನ್ನ ಕೇಳಬಹುದಿತ್ತಲ್ಲ," ಎಂದಳು ಅಕ್ಕ ಗಂಡನಿಗೆ.

"ನೀನು ಹೇಳಬಹುದಿತ್ತಲ್ಲ."

"ಹೇಳಿದ್ರೆ ಬಿಟ್ಬಿಡು ಅಂತಿದ್ರಿ."

"ಹಾಗನ್ನೋಕೆ ಬಾಯಿ ಬರ್ಲಿಲ್ಲ ಕಣೆ," ಎಂದರು ಭಾವ. "ಅದಕ್ಕೇ ಸ್ಪ್ರಿಂಗ್ ಕತ್ತರಿಸಿದ್ದು."

ಅಕ್ಕ ಸ್ಟೂಲಿನ ಮೇಲೆ ಕೂತಳು. ಬಂದಾಗಿನಿಂದ ಅವಳು ಕೂತದ್ದು ಆಗಲೇ. ಇಂಥ ಹೊತ್ತಿನಲ್ಲಿ ನಾನು ಬೈಯುವವನು. "ಸಾಕು ನಿಮ್ಮ ಸಂಸಾರ. ಭಾವ, ಅರ ಹಿಡೀರಿ," ಎಂದೆ.

ಹೊಸ ಸ್ಪ್ರಿಂಗ್ ಹಾಕಿದರೆ ಪೆಟ್ಟು ಸರಿಹೋಗುತ್ತದೆ, ಹಿಡಿಕೆ ಮತ್ತೆ ಭಾರವಾಗುತ್ತದೆ. ಆದರೆ ಹಿಡಿಕೆ ಉದ್ದವಾದಷ್ಟೂ ಎತ್ತುವ ಶ್ರಮ ಕಡಿಮೆ. ಎರಡು ಬೆರಳಿನಷ್ಟು ಉದ್ದ ಮಾಡಿ, ತುದಿಗೆ ದಪ್ಪ ಗುಂಡನೆಯ ಹಿಡಿ ಹಾಕಿದರೆ ಹೆಬ್ಬೆರಳನ್ನು ಬಿಟ್ಟು ಅಂಗೈಯಲ್ಲೇ ಎತ್ತಬಹುದು. ನಾನು ಬೆಸುಗೆ ಹಾಕಿದೆ, ಭಾವ ಉಜ್ಜಿದರು. ನಾನು ಸಾಕೆಂದಲ್ಲಿ ಅವರು ಇನ್ನೊಂದಿಷ್ಟು ಅಂದರು. ಅವರು ಹೊಳಪು ಕೊಡತೊಡಗಿದಾಗ, "ಇದೇನು ಮದುವೆ ಹೆಣ್ಣಾ?" ಎಂದೆ. ಒಂದು ಬೆಂಚಿನ ಮುಂದೆ ಇಬ್ಬರು ಅತ್ತೆಯರು ಸೇರಿದ ಹಾಗಿತ್ತು. ಹೊತ್ತು ಮುಳುಗುವ ಮೊದಲು ಮೂವತ್ತು ಗುಂಡು ಹೊಡೆದೆವು. ಮೂವತ್ತೂ ಹಾರಿದವು.

ಭಾನುವಾರ ಬೆಳಗ್ಗೆ ಹಗ್ಗದ ಈಚೆ ನಾನು ಮತ್ತು ಭಾವ ಕೂತಿದ್ದೆವು. ಆಚೆ ಒಂಬತ್ತು ಜನ ಚಾಪೆಯ ಮೇಲೆ ಮಲಗಿ ಹೊಡೆಯುತ್ತಿದ್ದರು. ಅಕ್ಕನದು ಒಂದೂ ಟಿಕ್ ಅನ್ನಲಿಲ್ಲ. ನಾನು ಬೆರಳು ಮಡಚುತ್ತ ಎಣಿಸುತ್ತಿದ್ದೆ. ಮೂವತ್ತೊಂದನೆಯದರ ನಂತರ ಅವಳು ಬೋಲ್ಟ್ ತೆರೆದು, ರೈಫಲನ್ನು ಕೆಳಗಿಟ್ಟಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹಾಗೇ ಮಲಗಿದ್ದಳು. ಪಕ್ಕದ ಇಬ್ಬರು ಮುಗಿಸಿ ಎದ್ದರು.

ನಲವತ್ತು ಗುಂಡಿಗೆ ಆ ಹಿಡಿಕೆ ಸಾಲಲಿಲ್ಲವೆಂದುಕೊಂಡೆ. "ಕರೆದುಬಿಡಿ ಭಾವ," ಎಂದೆ ಮೆಲ್ಲಗೆ. "ಪಾಪ, ಸಾಕು."

ಅಕ್ಕ ತಲೆ ತಿರುಗಿಸಿ ಇತ್ತ ನೋಡಿದಳು. ಭಾವ ಕೈಗಡಿಯಾರ ನೋಡಿಕೊಂಡರು. ಉಳಿದ ಒಂಬತ್ತು ಗುಂಡಿಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ, ಕೈಯೆತ್ತಿ ನಾಲ್ಕು ಬೆರಳು ತೋರಿಸಿದರು. ನಾಲ್ಕು ನಿಮಿಷ ಸುಧಾರಿಸಿಕೋ ಎಂದು.

ಅಕ್ಕ ಕೆನ್ನೆಯನ್ನು ತೋಳಿಗೆ ಒರಗಿಸಿ ಕಣ್ಣು ಮುಚ್ಚಿದಳು. ಭಾವ ಕೈಗಡಿಯಾರದಿಂದ ಕಣ್ಣು ಕೀಳಲಿಲ್ಲ, ಸಮಯವಾದಾಗ ಒಮ್ಮೆ ಸಣ್ಣಗೆ ಕೆಮ್ಮಿದರು. ಅವಳು ರೈಫಲ್ ಎತ್ತಿಕೊಂಡಳು. ಕೊನೆಯ ಗುಂಡು ಹಾರಿ ಹತ್ತು ಸೆಕೆಂಡಿಗೆ ಸೀಟಿ ಊದಿದರು.

ಪಟ್ಟಿಯಲ್ಲಿ ಅವಳು ಐದನೆಯವಳು. ಆರನೆಯವನಿಗಿಂತ ಒಂದೇ ಅಂಕ ಹೆಚ್ಚು. ಕ್ಲಬ್ಬಿನವರೆಲ್ಲ ಸುತ್ತ ಸೇರಿದರು. ಕಾರ್ಯದರ್ಶಿ ಕೈ ಕುಲುಕಲು ಮುಂದೆ ಬಂದ. ಅಕ್ಕ ಅವನಿಗೆ ಕೈ ಕೊಡಲಿಲ್ಲ. ಅಷ್ಟೂ ಜನರ ಎದುರು ಅದನ್ನು ಗಂಡನ ಮುಂದೆ ಚಾಚಿದಳು.

"ನೋಯ್ತಿದೆ ರೀ. ತುಂಬಾ ನೋಯ್ತಿದೆ," ಎಂದಳು.

"ಎಲ್ಲಿ, ತೋರ್ಸು," ಎಂದರು ಭಾವ.

ಅಕ್ಕ ತೋರಿಸಿದಳು.